ಒಂದು ಗಣಕಕ್ಕೆ ಇಬ್ಬರು ಪಾರುಪತ್ಯಗಾರರು

2023ರ ಜೂನ್ ತಿಂಗಳಲ್ಲಿ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದ 12ನೇ ಆವೃತ್ತಿ ಬಿಡುಗಡೆಯಾಯಿತು. ಅದನ್ನು ಹಾಕಿಕೊಂಡವರು ಟರ್ಮಿನಲ್ ತೆರೆದು, ಕೈಗೆ ರೂಢಿಯಾಗಿಹೋಗಿದ್ದ 'ಪಿಪ್ ಇನ್‌ಸ್ಟಾಲ್' ಕಮಾಂಡ್ ಕೊಟ್ಟರೆ ಪೈಥಾನ್ ಮಾಡ್ಯೂಲ್ ಇಳಿಯಲಿಲ್ಲ. ಈ ಪೈಥಾನ್ ಬೇರೆಯವರ ಸುಪರ್ದಿಯಲ್ಲಿದೆ, ಇಲ್ಲಿ ಕೈಹಾಕುವಂತಿಲ್ಲ ಎಂಬರ್ಥದ ದೋಷಸೂಚನೆ ಬಂತು. ಅದರ ಕೆಳಗೇ ದಾರಿಗಳನ್ನೂ ತೋರಿಸಿದ್ದರು: ಆ ಮಾಡ್ಯೂಲ್ ಡೆಬಿಯನ್ನಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನಲ್ಲಿದ್ದರೆ ಅಲ್ಲಿಂದ ತರಿಸಿಕೊಳ್ಳಿ, ಇಲ್ಲವಾದರೆ ವೆನ್ವ್ ಬಳಸಿ ಪ್ರತ್ಯೇಕ ಪರಿಸರ ಕಟ್ಟಿಕೊಳ್ಳಿ, ಪೂರ್ಣ ಅಪ್ಲಿಕೇಶನ್ ಬೇಕಿದ್ದರೆ ಪಿಪ್‌ಎಕ್ಸ್‌ನಿಂದ ಹಾಕಿಕೊಳ್ಳಿ. ಇಷ್ಟು ಹೇಳಿದ ಮೇಲೂ ಹಟ ಹಿಡಿಯುವವರಿಗೆ ಇನ್ನೊಂದು ಆಯ್ಕೆ ಇತ್ತು. ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'.

ಉಬುಂಟುವಿನಲ್ಲೂ ಇದೇ ತಡೆ ಬಂದಿದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಉಬುಂಟು 24.04 ಹಾಕಿದ ಕಂಪ್ಯೂಟರ್ ಮುಂದೆ ಕೂತು ನಂಪೈ ಬೇಕೆಂದು ಪಿಪ್ ಓಡಿಸುವ ವಿದ್ಯಾರ್ಥಿ ನೋಡುವುದೂ ಇದನ್ನೇ. ಕೈಗೆ ಸುಲಭವಾಗಿ ಸಿಗುವುದು ಕೊನೆಯ ಆಯ್ಕೆ. ಅದನ್ನು ಅಂಟಿಸಿ ಮುಂದೆ ಹೋಗುವವರನ್ನು ದೂರಿ ಪ್ರಯೋಜನವಿಲ್ಲ. ಭಾಷೆಯೊಂದರ ಮಾಡ್ಯೂಲ್ ಇನ್‌ಸ್ಟಾಲರ್ ಮತ್ತು ಗಣಕದ ಪ್ಯಾಕೇಜ್ ಮ್ಯಾನೇಜರ್ ಒಂದೇ ಮನೆಯಲ್ಲಿ ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಸುಮಾರು ಮೂವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಆ ಹುಡುಕಾಟ ಎಲ್ಲೆಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ, ಯಾಕೆ ಎಂಬುದು ಇಲ್ಲಿನ ವಿಷಯ.

ಇಬ್ಬರೂ ಹುಟ್ಟಿದ್ದು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಇಯಾನ್ ಮರ್ಡಾಕ್ ಡೆಬಿಯನ್ ಶುರುಮಾಡಿದ್ದು 1993ರಲ್ಲಿ. ರೆಡ್ ಹ್ಯಾಟ್‌ನ ಆರ್‌ಪಿಎಂ ಬಂದದ್ದು 1995ರ ಸುಮಾರಿಗೆ. ಪರ್ಲ್ ಭಾಷೆಯ ಮಾಡ್ಯೂಲುಗಳ ಭಂಡಾರವಾದ ಸಿಪ್ಯಾನ್ ತೆರೆದದ್ದೂ 1995ರಲ್ಲೇ. ಆಪ್ಟ್ ಡೆಬಿಯನ್ 2.1ರ ಜತೆ 1999ರಲ್ಲಿ ಬಂತು. ಆಮೇಲೆ ಪೈಥಾನ್‌ನ ಪೈಪಿಐ 2003ರಲ್ಲಿ, ರೂಬಿಜೆಮ್ಸ್ 2004ರಲ್ಲಿ, ಇಯಾನ್ ಬಿಕಿಂಗ್ ಬರೆದ ಪಿಪ್ 2008ರಲ್ಲಿ, ಎನ್‌ಪಿಎಂ 2010ರಲ್ಲಿ. ಭಾಷೆಯವರು ತಮ್ಮದೇ ಇನ್‌ಸ್ಟಾಲರ್ ಮಾಡಿಕೊಂಡದ್ದಕ್ಕೆ ಡಿಸ್ಟ್ರೋಗಳ ಮೇಲಿನ ಅನಾದರ ಕಾರಣವಲ್ಲ. ಪರ್ಲ್ ಬಳಸುವವರು ಸೋಲಾರಿಸ್‌ನಲ್ಲಿದ್ದರು, ಎಚ್‌ಪಿ-ಯುಎಕ್ಸ್‌ನಲ್ಲಿದ್ದರು, ವಿಂಡೋಸ್‌ನಲ್ಲಿದ್ದರು. ಅಲ್ಲೆಲ್ಲ ಆಪ್ಟ್ ಎಲ್ಲಿಂದ ಬರಬೇಕು? ಮಾಡ್ಯೂಲ್ ಬರೆದವರಿಗೆ ಬೇಕಿದ್ದದ್ದು ಎಲ್ಲ ಗಣಕಗಳಿಗೂ ಒಂದೇ ದಾರಿ. ಡಿಸ್ಟ್ರೋದವರಿಗೆ ಬೇಕಿದ್ದದ್ದು ಒಂದು ಗಣಕದೊಳಗಿನ ಎಲ್ಲಕ್ಕೂ ಒಂದೇ ದಾರಿ. ಅವರ ಪಾಲಿಗೆ ಕರ್ನೆಲ್, ಪ್ರಿಂಟರ್ ಡ್ರೈವರ್, ಪೈಥಾನ್ ಮಾಡ್ಯೂಲ್, ಕನ್ನಡದ ಗುಬ್ಬಿ ಮತ್ತು ನವಿಲು ಫಾಂಟ್, ಎಲ್ಲವೂ ಪ್ಯಾಕೇಜ್‌ಗಳೇ.

ಹೀಗೆ ಒಂದೇ ಉಗ್ರಾಣಕ್ಕೆ ಇಬ್ಬರು ಪಾರುಪತ್ಯಗಾರರಾದರು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದು.

ಇದರ ತೊಂದರೆ ಎಲ್ಲಿ ಕಾಣಿಸಿಕೊಳ್ಳುತ್ತದೆಂದು ಹತ್ತಿರದಿಂದ ನೋಡೋಣ. ಡೆಬಿಯನ್‌ನಲ್ಲಿ ಆಪ್ಟ್ ತಂದ ಪೈಥಾನ್ ಮಾಡ್ಯೂಲುಗಳು 'ಯುಎಸ್‌ಆರ್' ಕೆಳಗಿನ ಡಿಸ್ಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಕೂರುತ್ತವೆ. ತಡೆ ಇಲ್ಲದಿದ್ದ ಕಾಲದಲ್ಲಿ ಸುಡೊ ಕೊಟ್ಟು ಪಿಪ್ ಓಡಿಸಿದರೆ, ಅದು ತಂದದ್ದು 'ಯುಎಸ್‌ಆರ್ ಲೋಕಲ್' ಕೆಳಗಿನ ಅದೇ ಹೆಸರಿನ ಇನ್ನೊಂದು ಫೋಲ್ಡರಿಗೆ ಹೋಗುತ್ತಿತ್ತು. ಎರಡೂ ಬೇರೆ ಜಾಗ, ಯಾರ ಫೈಲನ್ನೂ ಯಾರೂ ಅಳಿಸುವುದಿಲ್ಲ ಅನ್ನಿಸುತ್ತದೆ. ಆದರೆ ಪೈಥಾನ್ ಮಾಡ್ಯೂಲ್ ಹುಡುಕುವಾಗ ಮೊದಲು ನೋಡುವುದು ಲೋಕಲ್ ಫೋಲ್ಡರನ್ನು. ನೀವು ನಿಮ್ಮ ಪ್ರಾಜೆಕ್ಟಿಗೆಂದು ರಿಕ್ವೆಸ್ಟ್ಸ್ ಮಾಡ್ಯೂಲಿನ ಹೊಸ ಆವೃತ್ತಿ ತರಿಸಿಕೊಂಡರೆ, ಹಳೆಯ ರಿಕ್ವೆಸ್ಟ್ಸ್ ಜತೆ ಪರೀಕ್ಷೆಯಾಗಿ ಬಂದ ಸಿಸ್ಟಮ್ ಟೂಲುಗಳೂ ಆ ಕ್ಷಣದಿಂದ ಹೊಸದನ್ನೇ ಎತ್ತಿಕೊಳ್ಳುತ್ತವೆ. ಆ ಟೂಲ್ ಕೆಟ್ಟರೆ ಡೆಬಿಯನ್ ಪ್ಯಾಕೇಜುಗಳ ಲೆಕ್ಕವಿಡುವ ಡಿಪಿಕೆಜಿಯನ್ನು ಕೇಳಿ ಪ್ರಯೋಜನವಿಲ್ಲ, ಎಲ್ಲ ಸರಿಯಾಗಿದೆ ಎಂದೇ ಅದು ಹೇಳುತ್ತದೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಫೆಡೋರಾದಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. 2017ರ ಫೆಡೋರಾ 27ಕ್ಕೆ ಮೊದಲು ಸುಡೊ ಪಿಪ್ ಬರೆಯುತ್ತಿದ್ದದ್ದು ಆರ್‌ಪಿಎಂ ಬರೆಯುವ ಜಾಗಕ್ಕೇ. ಅಲ್ಲಿನ ಪ್ಯಾಕೇಜ್ ಮ್ಯಾನೇಜರ್ ಯಮ್ ಪೈಥಾನ್‌ನಲ್ಲಿ ಬರೆದದ್ದು, ಅದರ ನಂತರ ಬಂದ ಡಿಎನ್‌ಎಫ್ ಕೂಡ ಬಹುಕಾಲ ಪೈಥಾನ್‌ನಲ್ಲೇ ಇತ್ತು. ಪಿಪ್‌ನಿಂದ ಪೈಥಾನ್ ಕೆಟ್ಟರೆ, ಕೆಟ್ಟದ್ದನ್ನು ಸರಿಮಾಡಬೇಕಾದ ಪ್ಯಾಕೇಜ್ ಮ್ಯಾನೇಜರೇ ಏಳುವುದಿಲ್ಲ. 2019ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ 'ಪ್ಲಾಟ್‌ಫಾರ್ಮ್ ಪೈಥಾನ್' ಎಂಬ ಪ್ರತ್ಯೇಕ ಪೈಥಾನ್ ಇಟ್ಟು, ಸಿಸ್ಟಮ್ ಟೂಲುಗಳೆಲ್ಲ ಅದನ್ನೇ ಬಳಸುವಂತೆ ಮಾಡಿದ್ದು ಇದರಿಂದ ಪಾರಾಗಲು.

ಇಬ್ಬರನ್ನೂ ಜೋಡಿಸುವ ಮೊದಲ ಪ್ರಯತ್ನಗಳು ಪರ್ಲ್ ಜನರದ್ದು. ಡಿಎಚ್-ಮೇಕ್-ಪರ್ಲ್ ಎಂಬ ಟೂಲಿಗೆ ಸಿಪ್ಯಾನ್ ಮಾಡ್ಯೂಲಿನ ಹೆಸರು ಕೊಟ್ಟರೆ, ಅದನ್ನು ತಂದು, ಡೆಬಿಯನ್ ಪ್ಯಾಕೇಜಿಗೆ ಬೇಕಾದ ಕಂಟ್ರೋಲ್ ಫೈಲ್, ಲೈಸೆನ್ಸ್ ವಿವರ ಎಲ್ಲ ಸಿದ್ಧಮಾಡಿ, ಡೆಬ್ ಕಟ್ಟಿಕೊಡುತ್ತದೆ. ಜೆಂಟೂದಲ್ಲಿ ಜಿ-ಸಿಪ್ಯಾನ್ ಇದೇ ಕೆಲಸ ಮಾಡಿತು. ಫ್ರೀಬಿಎಸ್‌ಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿಎಸ್‌ಡಿಪ್ಯಾನ್ ಎಂಬ ಜೋಡಣೆಯಿಂದ, ಬಳಕೆದಾರ ಮಾಮೂಲಿನಂತೆ ಸಿಪ್ಯಾನ್ ಓಡಿಸಿದರೂ ಇಳಿದ ಮಾಡ್ಯೂಲ್ ಸಿಸ್ಟಮ್‌ನ ಪ್ಯಾಕೇಜ್ ದಾಖಲೆಯಲ್ಲಿ 'ಬಿಎಸ್‌ಡಿಪ್ಯಾನ್' ಎಂಬ ಮುಂಗುರುತಿನೊಂದಿಗೆ ತಾನೇ ನಮೂದಾಗುತ್ತಿತ್ತು. ಕಮಾಂಡ್ ಬದಲಾಗಲಿಲ್ಲ, ಲೆಕ್ಕ ಮಾತ್ರ ಒಂದಾಯಿತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಹಿಡಿಸಿದ ಕಲ್ಪನೆ ಇದು. ಆದರೆ ನಮೂದಾದ ಆ ಮಾಡ್ಯೂಲನ್ನು ಮುಂದೆ ನೋಡಿಕೊಳ್ಳುವವರು ಯಾರು? ಫ್ರೀಬಿಎಸ್‌ಡಿ ಪೋರ್ಟ್ಸ್‌ನಲ್ಲಿ ಅದಕ್ಕೆ ಹೊಣೆಗಾರರಿರಲಿಲ್ಲ, ಅಪ್‌ಗ್ರೇಡ್ ಮಾಡಿದರೆ ಅದು ಎಲ್ಲಿಂದ ಬರಬೇಕೆಂಬುದೂ ಗೊತ್ತಿರಲಿಲ್ಲ. ಆಮೇಲೆ ಅದನ್ನು ಕೈಬಿಟ್ಟರು.

ಪರ್ಲ್‌ಗೆ ಒಂದು ಅನುಕೂಲವಿತ್ತು, ಹೆಸರು. ಜೇಸನ್-ಎಕ್ಸ್‌ಎಸ್ ಮಾಡ್ಯೂಲಿನ ಡೆಬಿಯನ್ ಪ್ಯಾಕೇಜ್ ಹೆಸರನ್ನು ನಿಯಮದಿಂದಲೇ ಊಹಿಸಬಹುದು: ಮುಂದೆ 'ಲಿಬ್', ಹಿಂದೆ 'ಪರ್ಲ್'. ಪೈಥಾನ್‌ನಲ್ಲಿ ಆ ಸುಖವಿಲ್ಲ. ಬ್ಯೂಟಿಫುಲ್ ಸೂಪ್ ಪೈಪಿಐನಲ್ಲಿ ಒಂದು ಹೆಸರಲ್ಲಿದೆ, ಕೋಡ್‌ನಲ್ಲಿ ಇಂಪೋರ್ಟ್ ಮಾಡುವುದು 'ಬಿಎಸ್4' ಎಂದು, ಆಪ್ಟ್‌ನಲ್ಲಿ ಹುಡುಕಬೇಕಾದದ್ದು 'ಪೈಥಾನ್3-ಬಿಎಸ್4'. ಇದಕ್ಕೆ ಚೊಕ್ಕ ಪರಿಹಾರ ಕಂಡುಕೊಂಡದ್ದು ಆರ್‌ಪಿಎಂ ಬಳಗ. ಅಲ್ಲಿ ಪ್ಯಾಕೇಜಿಗೆ ತನ್ನ ಹೆಸರಿನ ಜತೆ, ತಾನು ಏನನ್ನು ಒದಗಿಸುತ್ತೇನೆ ಎಂಬ ಘೋಷಣೆಯೂ ಇರುತ್ತದೆ. ಫೆಡೋರಾದಲ್ಲಿ ಆವರಣದೊಳಗೆ ಭಾಷೆಯ ಕಡೆಯ ಹೆಸರನ್ನೇ ಬರೆದು 'ಪೈಥಾನ್3ಡಿಸ್ಟ್(ರಿಕ್ವೆಸ್ಟ್ಸ್)' ಎಂದು ಡಿಎನ್‌ಎಫ್‌ಗೆ ಕೇಳಬಹುದು, ಯಾವ ಪ್ಯಾಕೇಜ್ ಎಂದು ಅದೇ ಹುಡುಕಿಕೊಳ್ಳುತ್ತದೆ. ಪರ್ಲ್ ಮಾಡ್ಯೂಲುಗಳಿಗೂ ಹೀಗೇ. ಈ ಘೋಷಣೆಗಳನ್ನು ಮನುಷ್ಯರು ಕೂತು ಬರೆಯುವುದಿಲ್ಲ, ಪ್ಯಾಕೇಜ್ ಕಟ್ಟುವಾಗ ಮಾಡ್ಯೂಲಿನ ಮೆಟಾಡೇಟಾದಿಂದ ತಾವಾಗಿ ಹುಟ್ಟುತ್ತವೆ.

ಇದು ಸಾಧ್ಯವಾಗಬೇಕಾದರೆ ಭಾಷೆಯ ಕಡೆಯವರೂ ಒಂದು ಹೆಜ್ಜೆ ಮುಂದೆ ಬರಬೇಕಿತ್ತು. ಹಿಂದೆ ಪೈಥಾನ್ ಮಾಡ್ಯೂಲಿಗೆ ಏನೇನು ಬೇಕೆಂದು ತಿಳಿಯಲು ಅದರ 'ಸೆಟಪ್' ಫೈಲನ್ನು ಓಡಿಸಿಯೇ ನೋಡಬೇಕಿತ್ತು. ಓಡಿಸದೆ ಓದಲಾಗದ ಪಟ್ಟಿಯನ್ನು ಇನ್ನೊಂದು ಟೂಲ್ ನಂಬುವುದು ಹೇಗೆ? ವೀಲ್ ಎಂಬ ಸಿದ್ಧ ಪ್ಯಾಕೇಜ್ ರೂಪ, ಆಮೇಲೆ ಪೈಪ್ರಾಜೆಕ್ಟ್ ಫೈಲಿನಲ್ಲಿ ಎಲ್ಲವನ್ನೂ ಬರೆದಿಡುವ ಪದ್ಧತಿ ಬಂದ ಮೇಲೆ ಫೆಡೋರಾದ ಆರ್‌ಪಿಎಂ ಮ್ಯಾಕ್ರೋಗಳು ಅದನ್ನು ನೇರವಾಗಿ ಓದಿ, ಕಟ್ಟಲು ಏನು ಬೇಕೋ ತಾವೇ ತರಿಸಿಕೊಳ್ಳುವಂತಾಯಿತು. ಸದ್ದುಗದ್ದಲವಿಲ್ಲದೆ ಆದ ಈ ಕೆಲಸ ದೊಡ್ಡ ಕೆಲಸ. ಇದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸಂಗತಿಯನ್ನೂ ಹೇಳಬೇಕು. ಇನ್‌ಸ್ಟಾಲ್ ಆದ ಪ್ರತಿ ಪೈಥಾನ್ ಮಾಡ್ಯೂಲಿನ ಜತೆ 'ಇನ್‌ಸ್ಟಾಲರ್' ಎಂಬ ಹೆಸರಿನ ಫೈಲ್ ಇಡಬಹುದು. ಅದರಲ್ಲಿ ಒಂದೇ ಪದ: ಪಿಪ್, ಆರ್‌ಪಿಎಂ ಅಥವಾ ಡೆಬಿಯನ್. ಇಂದು ಪಿಪ್ ಯಾವುದೋ ಮಾಡ್ಯೂಲ್ ತೆಗೆಯಲಾರದೆ ನಿಂತಾಗ, 'ಇದನ್ನು ಹಾಕಿದ್ದು ಡೆಬಿಯನ್, ಅಲ್ಲಿ ವಿಚಾರಿಸಿ' ಎಂದು ಹೇಳಬಲ್ಲದಾದರೆ ಅದು ಈ ಒಂದು ಪದದ ಬಲದಿಂದ.

ಮಾಡ್ಯೂಲುಗಳ ನಡುವಿನ ನಂಟು ಹೀಗೆ ಬಗೆಹರಿಯುತ್ತಾ ಬಂದರೂ, ಭಾಷೆಯ ಗಡಿ ದಾಟಿ ಹೋಗುವ ನಂಟು ಹಾಗೇ ಉಳಿದಿದೆ. ಕನ್ನಡಿಗರನ್ನು ನೇರವಾಗಿ ಮುಟ್ಟುವ ಉದಾಹರಣೆಯೊಂದಿದೆ. ಪ್ರಮಾಣಪತ್ರಗಳ ಮೇಲೆ ಹೆಸರು ಮೂಡಿಸುವ, ಪೋಸ್ಟರ್ ತಯಾರಿಸುವ ಪೈಥಾನ್ ಪ್ರೋಗ್ರಾಮುಗಳು ಬಳಸುವುದು ಪಿಲ್ಲೊ ಲೈಬ್ರರಿಯನ್ನು. ಕನ್ನಡ ಸರಿಯಾಗಿ ಮೂಡಲು ಫಾಂಟ್ ಒಂದಿದ್ದರೆ ಸಾಲದು. ಒತ್ತಕ್ಷರ ಎಲ್ಲಿ ಕೂರಬೇಕು, ಗುಣಿತದ ಚಿಹ್ನೆ ಯಾವ ಕಡೆ ಬರಬೇಕು ಎಂಬುದನ್ನು ಲೆಕ್ಕಹಾಕುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಪಿಲ್ಲೊ ಅದನ್ನು ತಲುಪುವುದು ರಾಕಮ್ ಎಂಬ ಮತ್ತೊಂದರ ಮೂಲಕ. ಆ ರಾಕಮ್‌ಗೆ ಫ್ರೈಬೈಡೈ ಬೇಕು. ಫ್ರೈಬೈಡೈ ಇರುವುದು ಅರಬಿ, ಹೀಬ್ರೂಗಳಂಥ ಬಲದಿಂದ ಎಡಕ್ಕೆ ಸಾಗುವ ಲಿಪಿಗಳಿಗಾಗಿ. ಆದರೂ ಅದಿಲ್ಲದೆ ರಾಕಮ್ ಏಳುವುದಿಲ್ಲ. ಪಿಲ್ಲೊ 8.2ರಿಂದ ಈಚೆಗೆ ಪಿಪ್ ತರುವ ವೀಲ್‌ನೊಳಗೆ ರಾಕಮ್ ಸೇರಿಯೇ ಬರುತ್ತದೆ, ಫ್ರೈಬೈಡೈ ಮಾತ್ರ ಬರುವುದಿಲ್ಲ. ಪ್ರೋಗ್ರಾಮ್ ಓಡುವಾಗ ಗಣಕದಲ್ಲಿ ಅದು ಸಿಕ್ಕರೆ ಬಳಸಿಕೊಳ್ಳುತ್ತದೆ.

ಡೆಸ್ಕ್‌ಟಾಪ್ ಇರುವ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪ್ಯಾಂಗೊ ಲೈಬ್ರರಿಯ ಸಲುವಾಗಿ ಫ್ರೈಬೈಡೈ ಮೊದಲೇ ಬಂದಿರುತ್ತದೆ. 'ಅಕ್ಷರ' ಎಂದು ಬರೆಸಿದರೆ 'ಅಕ್ಷರ' ಎಂದೇ ಮೂಡುತ್ತದೆ. ಅದೇ ಪ್ರೋಗ್ರಾಮನ್ನು ಸ್ಲಿಮ್ ಡಾಕರ್ ಇಮೇಜಿಗೆ ಹಾಕಿ ಸರ್ವರಿಗೆ ಕಳಿಸಿದರೆ ಕ, ಅರ್ಧಾಕ್ಷರದ ಚಿಹ್ನೆ, ಷ ಮೂರೂ ಬಿಡಿಬಿಡಿಯಾಗಿ ಬೀಳುತ್ತವೆ. ದೋಷಸೂಚನೆ ಯಾವುದೂ ಬರುವುದಿಲ್ಲ. ಕನ್ನಡ ಓದಬಲ್ಲವರು ಚಿತ್ರವನ್ನು ಕಣ್ಣಾರೆ ನೋಡಿದಾಗಲೇ ಗೊತ್ತಾಗುವುದು. 'ಲಿಬ್‌ಫ್ರೈಬೈಡೈ0' ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿದರೆ ಸರಿಹೋಗುತ್ತದೆ. ಒಂದೇ ಸಾಲಿನ ಪರಿಹಾರ, ಆದರೆ ಆ ಸಾಲನ್ನು ಪಿಪ್‌ಗೆ ಹೇಳುವ ಜಾಗವೇ ಇಲ್ಲ. ಡೆಬ್ ಪ್ಯಾಕೇಜಿನಲ್ಲಾದರೆ 'ಡಿಪೆಂಡ್ಸ್' ಎಂಬ ಸಾಲಿನಲ್ಲಿ ಬರೆದರೆ ಮುಗಿಯಿತು. 2023ರಲ್ಲಿ ಮುಂದಿಟ್ಟ ಪೆಪ್ 725 ಎಂಬ ಪ್ರಸ್ತಾವ ಇಂಥ ಹೊರಗಿನ ಅಗತ್ಯಗಳನ್ನು ಪೈಪ್ರಾಜೆಕ್ಟ್ ಫೈಲಿನಲ್ಲೇ, ಟೂಲುಗಳು ಓದುವ ರೂಪದಲ್ಲಿ ಬರೆಯಲು ಅವಕಾಶ ಕೇಳುತ್ತದೆ. ಈ ಕ್ಷೇತ್ರದಲ್ಲಿ ಆದಷ್ಟು ಬೇಗ ಆಗಬೇಕಾದ ಕೆಲಸ ಇದೇ ಎಂದು ನಾನು ನಂಬಿದ್ದೇನೆ. ಭಾರತೀಯ ಲಿಪಿಗಳಲ್ಲಿ ಕೆಲಸ ಮಾಡುವವರಿಗಂತೂ ಇದರಿಂದ ನೇರ ಉಪಕಾರ.

ಹೊರಗಿನ ಲೈಬ್ರರಿಗಳನ್ನು ಹೇಳಲು ಜಾಗವಿಲ್ಲದ್ದರಿಂದ ವೀಲ್ ಕಟ್ಟುವವರು ಅವುಗಳ ಪ್ರತಿಯನ್ನೇ ಒಳಗೆ ಸೇರಿಸಿಬಿಡುತ್ತಾರೆ. ಇದಕ್ಕೂ ಬೆಲೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿಯಲ್ಲಿ ಗಂಭೀರ ಭದ್ರತಾ ದೋಷ ಬಯಲಾಯಿತು. ಡಿಸ್ಟ್ರೋಗಳು ಆ ಒಂದು ಪ್ಯಾಕೇಜನ್ನು ತಿದ್ದಿ ಕಳಿಸಿದವು. ಅದನ್ನು ಬಳಸುತ್ತಿದ್ದ ಸಿಸ್ಟಮ್ ಪ್ರೋಗ್ರಾಮುಗಳೆಲ್ಲ ಒಮ್ಮೆಗೇ ಸುರಕ್ಷಿತವಾದವು. ವೀಲ್‌ಗಳ ಲೋಕದಲ್ಲಿ ಪಿಲ್ಲೊ ತಂಡ ಆ ತಿದ್ದುಪಡಿ ಸೇರಿಸಿ 10.0.1 ಆವೃತ್ತಿ ಹೊರಡಿಸಬೇಕಾಯಿತು, ಮತ್ತು ಪ್ರತಿಯೊಂದು ವೆನ್ವ್‌ನಲ್ಲೂ ಅದನ್ನು ಬೇರೆಬೇರೆಯಾಗಿ ಹೊಸದು ಮಾಡಿಕೊಳ್ಳಬೇಕಾಯಿತು. ಎಲ್ಲೋ ಮೂಲೆಯಲ್ಲಿ ಮರೆತುಹೋದ ವೆನ್ವ್‌ನಲ್ಲಿ ಹಳೆಯ ಪ್ರತಿ ಇದ್ದರೆ ಪ್ಯಾಕೇಜ್ ಮ್ಯಾನೇಜರನ್ನು ಕೇಳಿ ಸಿಸ್ಟಮ್ ಅಡ್ಮಿನ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾದರೆ ಇಬ್ಬರನ್ನೂ ಪೂರ್ತಿ ಒಂದುಗೂಡಿಸಿದ ಉದಾಹರಣೆ ಇದೆಯೇ? ಇದೆ, ಸಂಖ್ಯಾಶಾಸ್ತ್ರಜ್ಞರ ಆರ್ ಭಾಷೆಯಲ್ಲಿ. ಇನ್ಯಾಕಿ ಊಕಾರ್ ಬರೆದ ಬಿಎಸ್‌ಪಿಎಂ ಎಂಬ ಪ್ಯಾಕೇಜ್ ಇದೆ. ಅದನ್ನು ಒಮ್ಮೆ ಚಾಲೂ ಮಾಡಿದರೆ, ಆರ್‌ನಲ್ಲಿ ಮಾಮೂಲಿನಂತೆ 'ಇನ್‌ಸ್ಟಾಲ್ ಪ್ಯಾಕೇಜಸ್' ಎಂದಾಗ ಆ ಕೋರಿಕೆ ಆಪ್ಟ್‌ಗೋ ಡಿಎನ್‌ಎಫ್‌ಗೋ ಹೋಗುತ್ತದೆ. ಸಿದ್ಧವಾದ ಬೈನರಿ ಇಳಿದು ಸಿಸ್ಟಮ್ ದಾಖಲೆಯಲ್ಲಿ ಸೇರುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ಸೋರ್ಸ್‌ನಿಂದ ಕಟ್ಟಿಕೊಳ್ಳುತ್ತದೆ. ಡರ್ಕ್ ಎಡೆಲ್‌ಬ್ಯೂಟೆಲ್ ನಡೆಸುವ ಆರ್2ಯು ಇದಕ್ಕೆ ಬೆನ್ನೆಲುಬು. ಆರ್‌ನ ಭಂಡಾರವಾದ ಕ್ರಾನ್‌ನ 20,000ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಉಬುಂಟುವಿಗೆ ಡೆಬ್ ಆಗಿ ಕಟ್ಟಿ ಇಟ್ಟಿದ್ದಾರೆ. ನಕ್ಷೆಗಳ ಕೆಲಸಕ್ಕೆ ಬೇಕಾದ 'ಎಸ್‌ಎಫ್' ಪ್ಯಾಕೇಜನ್ನು ಮಾಮೂಲಿ ಲಿನಕ್ಸ್‌ನಲ್ಲಿ ಸೋರ್ಸ್‌ನಿಂದ ಹಾಕಲು ಹೋದರೆ ಜಿಡಾಲ್, ಜಿಯೋಸ್, ಪ್ರಾಜ್ ಎಂಬ ಲೈಬ್ರರಿಗಳನ್ನೂ ಅವುಗಳ ಡೆವ್ ಪ್ಯಾಕೇಜುಗಳನ್ನೂ ನಾವೇ ಹುಡುಕಿ ಹಾಕಿ, ಕಂಪೈಲ್ ಆಗುವವರೆಗೆ ಕಾದು ಕೂರಬೇಕು. ಆರ್2ಯು ಇದ್ದರೆ ಆಪ್ಟ್ ಇವೆಲ್ಲವನ್ನೂ ತಾನೇ ಕೂಡಿಸಿ ತರುತ್ತದೆ.

ಆರ್‌ನಲ್ಲಿ ಆದದ್ದು ಪೈಥಾನ್‌ನಲ್ಲಿ ಯಾಕೆ ಆಗುವುದಿಲ್ಲ? ಪೈಪಿಐನಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳಿವೆ, ಗಾತ್ರವೇ ಕಾರಣ ಎಂದು ತಕ್ಷಣ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಕ್ರಾನ್‌ನಲ್ಲಿ ಒಂದು ಕಟ್ಟುನಿಟ್ಟಿದೆ: ಅಲ್ಲಿ ಚಾಲ್ತಿಯಲ್ಲಿರುವ ಎಲ್ಲ ಪ್ಯಾಕೇಜುಗಳ ಇತ್ತೀಚಿನ ಆವೃತ್ತಿಗಳು ಒಂದರ ಜತೆ ಒಂದು ಕೆಲಸ ಮಾಡಬೇಕು. ಅವನ್ನು ಬಿಡದೆ ಪರೀಕ್ಷಿಸುತ್ತಾರೆ. ನಿಮ್ಮ ಹೊಸ ಆವೃತ್ತಿಯಿಂದ ಇನ್ನೊಬ್ಬರದ್ದು ಮುರಿಯುವಂತಿದ್ದರೆ ಅವರಿಗೆ ಮೊದಲೇ ತಿಳಿಸಬೇಕು. ತಿದ್ದದ ಪ್ಯಾಕೇಜುಗಳನ್ನು ಹಳೆಯ ಕಪಾಟಿಗೆ ಸರಿಸಿಬಿಡುತ್ತಾರೆ. ಅಂದರೆ ಡೆಬಿಯನ್ ತನ್ನ ಒಂದು ಬಿಡುಗಡೆಗೆ ಮಾಡುವ ಹೊಂದಾಣಿಕೆಯನ್ನು ಕ್ರಾನ್ ಪ್ರತಿದಿನ ಮಾಡುತ್ತದೆ. ಎರಡೂ ಕಡೆ ಒಂದೇ ಶಿಸ್ತು ಇರುವುದರಿಂದ ಒಂದನ್ನು ಇನ್ನೊಂದರ ಮೇಲೆ ಕೂರಿಸುವುದು ಸಾಧ್ಯವಾಯಿತು. ಹ್ಯಾಸ್ಕೆಲ್ ಭಾಷೆಯಲ್ಲಿ ಸ್ಟ್ಯಾಕೇಜ್ ಎಂಬ ತಂಡ ಹೀಗೇ ಹೊಂದಿಕೊಳ್ಳುವ ಆವೃತ್ತಿಗಳ ಕಂತೆ ಹೊರಡಿಸುತ್ತದೆ, ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರಿನ ಹ್ಯಾಸ್ಕೆಲ್ ಪ್ಯಾಕೇಜುಗಳು ಅದನ್ನೇ ಅನುಸರಿಸುತ್ತವೆ.

ಪೈಪಿಐನಲ್ಲಿ ಅಂಥ ಕರಾರಿಲ್ಲ. ಒಂದು ಪ್ರಾಜೆಕ್ಟಿಗೆ ಹಳೆಯ ನಂಪೈ ಬೇಕು, ಇನ್ನೊಂದಕ್ಕೆ ಹೊಸದೇ ಬೇಕು. ಒಂದೇ ಪೈಥಾನ್ ಪರಿಸರದಲ್ಲಿ ಒಂದು ಹೆಸರಿಗೆ ಎರಡು ಆವೃತ್ತಿ ಇಟ್ಟುಕೊಳ್ಳಲಾಗದು. ಆಪ್ಟ್ ಕೂಡ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇಡುತ್ತದೆ. ಅಲ್ಲಿಗೆ ಪಿಪ್‌ನ ಕೋರಿಕೆಗಳನ್ನೆಲ್ಲ ಆಪ್ಟ್‌ಗೆ ರವಾನಿಸುವ ಯಾವ ಸೇತುವೆಯೂ ಮೊದಲ ಘರ್ಷಣೆಗೇ ಕುಸಿಯುತ್ತದೆ. ತೊಂದರೆ ಸೇತುವೆಯದ್ದಲ್ಲ. ಈ ಆವೃತ್ತಿಗಳೆಲ್ಲ ಒಟ್ಟಿಗೆ ನಡೆಯುತ್ತವೆ ಎಂದು ಹೇಳುವ ಹೊಣೆಗಾರರು ಒಂದು ಕಡೆ ಇದ್ದಾರೆ, ಇನ್ನೊಂದು ಕಡೆ ಇಲ್ಲ.

ನಿಕ್ಸ್ ಮತ್ತು ಅದರಂಥದೇ ಆದ ಗೀಕ್ಸ್ ಈ ಒಂದೇ ಆವೃತ್ತಿಯ ಬಂಧನವನ್ನೇ ಕಿತ್ತುಹಾಕಿವೆ. ಪ್ರತಿ ಪ್ಯಾಕೇಜೂ ತನ್ನದೇ ಹ್ಯಾಶ್ ಇರುವ ಫೋಲ್ಡರಿನಲ್ಲಿ ಕೂರುವುದರಿಂದ ಎಷ್ಟು ಆವೃತ್ತಿಗಳಾದರೂ ಅಕ್ಕಪಕ್ಕ ಇರಬಹುದು. ಸೊಗಸಾದ ವ್ಯವಸ್ಥೆ, ಕಲಿಯಲು ಮಾತ್ರ ಪ್ರಯಾಸ. ರಸ್ಟ್, ಗೋ ಭಾಷೆಗಳ ಕಥೆ ಬೇರೆ. ಅಲ್ಲಿ ಮಾಡ್ಯೂಲುಗಳೆಲ್ಲ ಕೊನೆಯ ಬೈನರಿಯೊಳಗೇ ಕರಗಿಹೋಗುವುದರಿಂದ ಬಳಕೆದಾರನಿಗೆ ಈ ಜಗಳ ಕಾಣುವುದಿಲ್ಲ. ಅದು ಪ್ಯಾಕೇಜ್ ಕಟ್ಟುವವರ ಹೆಗಲ ಮೇಲೆ ಬೀಳುತ್ತದೆ. ಪೈಥಾನ್ ಕಡೆಗೆ ಬಂದರೆ, ಕೊಂಡಾ ಎಂಬ ಟೂಲ್ ತನ್ನದೇ ಪೈಥಾನ್, ತನ್ನದೇ ಸಿ ಲೈಬ್ರರಿಗಳನ್ನು ಹೊತ್ತು ತರುತ್ತದೆ. 2024ರಲ್ಲಿ ಬಂದು ಬಹಳ ಬೇಗ ಹರಡಿದ ಯುವಿ ಕೂಡ ಬೇಕಾದ ಪೈಥಾನನ್ನು ತಾನೇ ಇಳಿಸಿಕೊಳ್ಳುತ್ತದೆ. ವೇಗ, ಅನುಕೂಲ ಎರಡರಲ್ಲೂ ಇದು ಮೆಚ್ಚಬೇಕಾದ ಟೂಲ್. ಆದರೆ ಈ ಹಾದಿಯಲ್ಲಿ ಹೋದಷ್ಟೂ ಗಣಕದಲ್ಲಿ ಏನಿದೆ ಎಂಬುದು ಪ್ಯಾಕೇಜ್ ಮ್ಯಾನೇಜರಿಗೆ ಕಡಿಮೆ ಕಡಿಮೆ ತಿಳಿಯುತ್ತದೆ.

ನಂಬಿಕೆಯ ಮಾತು ಬಂದಾಗ ಡಿಸ್ಟ್ರೋ ಪರವಾಗಿ ವಾದಿಸುವವರು, ಪೈಪಿಐನಲ್ಲಿ ಯಾರು ಏನನ್ನಾದರೂ ಏರಿಸಬಹುದು, ಡೆಬಿಯನ್‌ನಲ್ಲಿ ಒಬ್ಬ ಮನುಷ್ಯ ನೋಡಿರುತ್ತಾನೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶ ಬಹಳ ಇದೆ. ಹಾಗೆಂದು ಮನುಷ್ಯ ನೋಡಿದ್ದೆಲ್ಲ ಸುರಕ್ಷಿತವಲ್ಲ. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ 2006ರಲ್ಲಿ ಮಾಡಿದ ಒಂದು ತಿದ್ದುಪಡಿ, ಊಹಿಸಲು ಸುಲಭವಾದ ಕೀಲಿಗಳನ್ನು ಹುಟ್ಟಿಸುತ್ತಿತ್ತು. ಅದು ಪತ್ತೆಯಾದದ್ದು 2008ರಲ್ಲಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಟೂಲಿನೊಳಗೆ ಕಳ್ಳದಾರಿ ಇರುವುದನ್ನು ಆಂಡ್ರೆಸ್ ಫ್ರಾಯಿಂಡ್ ಕಂಡುಹಿಡಿದದ್ದು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದ ಜಾಡು ಹಿಡಿದು. ಅದು ಡಿಸ್ಟ್ರೋ ಪ್ಯಾಕೇಜುಗಳನ್ನೇ ಗುರಿಯಾಗಿಸಿಕೊಂಡು ಹೂಡಿದ ಸಂಚು. ಡೆಬಿಯನ್‌ನ ಟೆಸ್ಟಿಂಗ್‌ವರೆಗೆ ಬಂದಿತ್ತು, ಸ್ಟೇಬಲ್‌ಗೆ ತಲುಪಿರಲಿಲ್ಲ. ಬಹಳ ಜನ ಹಳಿಯುವ ಡಿಸ್ಟ್ರೋಗಳ ನಿಧಾನವೇ ಅಲ್ಲಿ ಲಕ್ಷಾಂತರ ಸರ್ವರುಗಳನ್ನು ಕಾಯಿತು.

ಇಷ್ಟನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಡೆಬಿಯನ್ 12ರಲ್ಲಿ ಪಿಪ್ ಕೈಕಟ್ಟಿ ನಿಂತದ್ದಕ್ಕೆ ಮೂಲವಾದ, 2021ರಲ್ಲಿ ಬರೆದ ಪೆಪ್ 668 ಎಂಬ ಪ್ರಸ್ತಾವ ಸೋಲೊಪ್ಪಿಕೊಂಡಂತೆ ನನಗೆ ಕಾಣುವುದಿಲ್ಲ. ಡಿಸ್ಟ್ರೋ ಒಂದು ಫೈಲ್ ಇಡುತ್ತದೆ, ಪಿಪ್ ಅದನ್ನು ಓದುತ್ತದೆ, ಮುಂದೇನು ಮಾಡಬೇಕೆಂಬ ಸೂಚನೆಯನ್ನು ಡಿಸ್ಟ್ರೋ ತನ್ನ ಮಾತಿನಲ್ಲೇ ಆ ಫೈಲಿನಲ್ಲಿ ಬರೆದಿರುತ್ತದೆ. ಪೈಥಾನ್ ಕಡೆಯವರೂ ಡಿಸ್ಟ್ರೋ ಕಡೆಯವರೂ ಕೂಡಿ ಕೂತು ಬರೆದ ಮೊದಲ ಗಟ್ಟಿ ಒಪ್ಪಂದ ಅದು.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರಿಗೆ ಇಂದೇ ಕೆಲಸಕ್ಕೆ ಬರುವ ದಾರಿಯೊಂದಿದೆ. ನಂಪೈ, ಪಾಂಡಾಸ್, ಪಿಲ್ಲೊಗಳಂಥ ಭಾರದ ಮಾಡ್ಯೂಲುಗಳನ್ನು ಆಪ್ಟ್‌ನಿಂದ ಹಾಕಿ, ಭದ್ರತಾ ತಿದ್ದುಪಡಿಗಳನ್ನು ಡಿಸ್ಟ್ರೋಗೆ ಬಿಟ್ಟುಬಿಡಬಹುದು. ವಿದ್ಯಾರ್ಥಿಗಳು 'ಸಿಸ್ಟಮ್ ಸೈಟ್ ಪ್ಯಾಕೇಜಸ್' ಆಯ್ಕೆ ಕೊಟ್ಟು ತಮ್ಮ ತಮ್ಮ ವೆನ್ವ್ ಕಟ್ಟಿಕೊಂಡರೆ, ಆಪ್ಟ್ ತಂದದ್ದು ಒಳಗೆ ಕಾಣುತ್ತದೆ, ಉಳಿದದ್ದನ್ನು ಪಿಪ್‌ನಿಂದ ಅದರೊಳಗೇ ಹಾಕಿಕೊಳ್ಳಬಹುದು. ಕೆಟ್ಟರೆ ಫೋಲ್ಡರ್ ಅಳಿಸಿ ಹೊಸದು ಕಟ್ಟಿದರಾಯಿತು, ಗಣಕಕ್ಕೆ ಏನೂ ಆಗುವುದಿಲ್ಲ. ಇನ್ನು ಕನ್ನಡಕ್ಕಾಗಿ ಲೈಬ್ರರಿ ಬರೆದು ಪೈಪಿಐಗೆ ಏರಿಸುವವರು, ಪೆಪ್ 725 ಜಾರಿಗೆ ಬರುವ ತನಕ ಕಾಯದೆ, ಹಾರ್ಫ್‌ಬಜ್, ಫ್ರೈಬೈಡೈ, ಫಾಂಟ್ ಪ್ಯಾಕೇಜುಗಳ ಆಪ್ಟ್ ಮತ್ತು ಡಿಎನ್‌ಎಫ್ ಹೆಸರುಗಳನ್ನು ರೀಡ್‌ಮಿಯ ಮೊದಲ ಪ್ಯಾರಾದಲ್ಲೇ ಬರೆದಿಡಲಿ. ಅವು ಸಿಗದಿದ್ದಾಗ ಒಡೆದ ಅಕ್ಷರ ಮೂಡಿಸುವ ಬದಲು ಪ್ರೋಗ್ರಾಮ್ ಅಲ್ಲೇ ನಿಂತು, ಏನು ಬೇಕೆಂದು ಹೆಸರು ಹಿಡಿದು ಹೇಳುವಂತೆ ಮಾಡಲಿ. ಪಿಲ್ಲೊದಲ್ಲಿ ರಾಕಮ್ ಇದೆಯೇ ಎಂದು ಕೇಳಲು ಒಂದೇ ಸಾಲಿನ ಕೋಡ್ ಸಾಕು.